ಲೇಔಟ್ ಪಾರ್ಕಿಗೆ ಯಾರನ್ನ ಹಿಡಿಯೋದು: ಮಾಲಿನಾ, ಮೇಸ್ತ್ರಿ ಗ್ಯಾಂಗಾ, ನರ್ಸರಿಯೋರಾ, ಕಂಪನಿನಾ?

ನಮ್ಮ ಲೇಔಟ್ ಇರೋದು ಶಿವಮೊಗ್ಗದ ಸವಳಂಗ ರೋಡ್ ಕಡೆ. 80 ಚಿಲ್ರೆ ಸೈಟು, ಮನೆ ಎದ್ದಿರೋದು 60ರ ಹತ್ರ, ಒಂದು ದೊಡ್ಡ ಪಾರ್ಕು, ಒಂದು ಚಿಕ್ಕದು, ರೋಡಿನ ಎರಡೂ ಬದಿ ಮರ. ಖಜಾಂಚಿ ಆಗೋಕೆ ಗಂಡಸ್ರು ಯಾರೂ ಒಪ್ಪದೆ ಆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದು ಮೂರು ವರ್ಷ ಆಯ್ತು, ಅಲ್ಲಿಂದ ಇಲ್ಲಿವರೆಗೆ ಈ ಗಿಡ-ಹುಲ್ಲಿನ ವಿಷಯಕ್ಕೆ ಆದಷ್ಟು ಜಗಳ ನೀರಿನ ಬಿಲ್ಲಿಗೂ ಆಗಿಲ್ಲ, ಬೀದಿ ನಾಯಿ ವಿಷಯಕ್ಕೂ ಆಗಿಲ್ಲ. ಸಂಬಳದ ಮಾಲಿ, ಮೇಸ್ತ್ರಿ ಗ್ಯಾಂಗು, ನರ್ಸರಿಯೋರು, ಕಂಪನಿ ಎಎಂಸಿ (ವರ್ಷದ ನಿರ್ವಹಣೆ ಕರಾರು), ನಾಲ್ಕೂ ನೋಡಿ ಆಗಿದೆ. ಈಗ ಗೋಪಾಳದ ಕಡೆಯವರು, ವಿನೋಬನಗರದ ನೆಂಟರು, ಎಲ್ಲ ಫೋನ್ ಮಾಡಿ ಯಾರಿಗೆ ಕೊಡೋದು ಅಂತ ಕೇಳ್ತಾರೆ, ಪ್ರತಿ ಸಲ ಅರ್ಧ ಗಂಟೆ ಅದನ್ನೇ ಹೇಳೋ ಬದ್ಲು ಒಂದೇ ಸಲ ಬರೆದು ಬಿಸಾಕ್ತೀನಿ, ಓದ್ಕೊಳ್ಳಿ.

ಮೊದ್ಲು ಒಂದು ಮಾತು. ಬೆಂಗಳೂರಲ್ಲಿರೋ ಅಳಿಯನ ಅಪಾರ್ಟ್‌ಮೆಂಟ್ ನೋಡ್ಕೊಂಡು ಬಂದು ಅದೇ ತರ ಇಲ್ಲೂ ಮಾಡಿಸೋಣ ಅಂತ ಹೊರಡಬೇಡಿ. ಅಲ್ಲಿ ಗಿಡ ಬದುಕ್ಸೋಕೆ ಕಾಂಟ್ರಾಕ್ಟ್ ಕೊಡ್ತಾರೆ, ಇಲ್ಲಿ ಆರಿದ್ರಾ ಮಳೆ ಹಿಡಿದ್ಮೇಲೆ ಬೇಲಿಗೆ ಊರಿದ ಗೂಟ ಚಿಗುರತ್ತೆ. ನಮಗೆ ಬೇಕಿರೋದು ಬೆಳೆದಿದ್ದನ್ನ ಹಿಡಿತದಲ್ಲಿ ಇಡೋರು, ನಿಂತ ನೀರನ್ನ ಹೊರಗೆ ಕಳ್ಸೋರು. ಅದೇ ಜಾಗ ಮಾರ್ಚ್ ಬಂದ್ರೆ ಒಣಗಿ ಹಪ್ಪಳ, ಆಗ ದಿನಾ ಬಂದು ಪೈಪು ಹಿಡಿಯೋರು ಬೇಕು. ಈ ಎರಡು ಕಾಲ ಯಾರು ದಾಟಿಸ್ತಾರೋ ಅವರಷ್ಟೇ ಲೆಕ್ಕಕ್ಕೆ, ಯಾಕಂದ್ರೆ ನವೆಂಬರಲ್ಲಿ ಎಲ್ಲರ ಪಾರ್ಕೂ ಚಂದ ಕಾಣತ್ತೆ, ಕಾಂಟ್ರಾಕ್ಟರುಗಳು ಮೊಬೈಲಲ್ಲಿ ತೋರ್ಸೋ ಫೋಟೋ ಎಲ್ಲ ನವೆಂಬರ್‌ದೇ ಆಗಿರತ್ತೆ. ನೀವು ಅವರ ಹಳೇ ಕೆಲಸ ನೋಡೋಕೆ ಹೋಗೋದಾದ್ರೆ ಆಗಸ್ಟಲ್ಲಿ ಕೊಡೆ ಹಿಡ್ಕೊಂಡು ಹೋಗಿ, ಇಲ್ಲಾಂದ್ರೆ ಏಪ್ರಿಲ್ ಮಧ್ಯಾಹ್ನ ಹೋಗಿ. ಅದೂ ಹೋದ ವರ್ಷ ಮಾಡಿದ್ದಲ್ಲ, ಮೂರು ವರ್ಷ ಹಿಂದೆ ಮಾಡಿದ್ದು.

ಇನ್ನೊಂದು, ತೀರ್ಥಹಳ್ಳಿ ಹೊಸನಗರದ ಕಡೆಯವರಿಗೆ ನಮ್ಮ ಲೆಕ್ಕ ಪೂರ್ತಿ ಹೊಂದಲ್ಲ. ಆಗುಂಬೆಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಬೀಳತ್ತೆ, ಶಿವಮೊಗ್ಗ ಊರಲ್ಲಿ ಅದರ ಕಾಲು ಭಾಗಾನೂ ಬೀಳಲ್ಲ. ಒಂದೇ ಜಿಲ್ಲೆ, ಆದ್ರೆ ಅಲ್ಲಿ ಕೆಲಸ ಗೊತ್ತಿರೋನು ಇಲ್ಲಿಯ ಬೇಸಿಗೆಲಿ ಸೋಲ್ತಾನೆ, ಇಲ್ಲಿಯವನು ಅಲ್ಲಿಯ ಜುಲೈಗೆ ಸೋಲ್ತಾನೆ. ನಿಮ್ಮೂರಿನ ಮಳೆ ಕಂಡೋನೇ ಬೇಕು.

ಸಂಬಳದ ಮಾಲಿ

ಶುರುವಿನಿಂದ ನಮ್ಮಲ್ಲಿ ಒಬ್ಬರು ಮಾಲಿ ಇದ್ರು, ಈಗ್ಲೂ ಇದಾರೆ. ಯಾವ ವಾಲ್ವ್ ತಿರುಗಿಸಿದ್ರೆ ಯಾವ ಪೈಪಲ್ಲಿ ನೀರು ಸೋರತ್ತೆ, ಯಾವ ಮೂಲೆಲಿ ಕೊಳಕುಮಂಡಲ ಕಂಡಿತ್ತು, ಯಾರ ಮನೆಯವರು ಬೆಳಿಗ್ಗೆ ಐದಕ್ಕೆ ಪೂಜೆಗೆ ಅಂತ ದಾಸವಾಳ ಬೋಳಿಸ್ಕೊಂಡು ಹೋಗ್ತಾರೆ, ಎಲ್ಲ ಗೊತ್ತು ಅವರಿಗೆ. ಖರ್ಚು ಕಡಿಮೆ, ಜವಾಬ್ದಾರಿ ಸ್ಪಷ್ಟ. ಆದ್ರೆ ಒಬ್ಬ ಮನುಷ್ಯ ಎರಡು ಪಾರ್ಕು, ಅಷ್ಟುದ್ದ ರೋಡು ಮಳೆಗಾಲದಲ್ಲಿ ಸುಧಾರಿಸೋಕೆ ಆಗಲ್ಲ. ಆ ತುದಿ ಕೊಚ್ಚಿ ಈ ತುದಿಗೆ ಬರೋಷ್ಟ್ರಲ್ಲಿ ಅಲ್ಲಿ ಮತ್ತೆ ಮೊಣಕಾಲುದ್ದ ಆಗಿರತ್ತೆ. ಎತ್ತರದ ಕೊಂಬೆ ಕಡಿಯೋದು ಅವರ ಕೈಲಾಗಲ್ಲ, ನಾವೂ ಹತ್ತಿಸಬಾರದು. ಮೀಟಿಂಗಲ್ಲಿ ಯಾರೋ ಮಾಲಿ ಏನ್ ಮಾಡ್ತಾನೆ ಅಂತ ರೇಗಿದ ದಿನ ಅವರು ನನ್ನ ಹತ್ರ ಬಂದು ಹೇಳಿದ್ದು ಇದು: 'ಅಕ್ಕಾ, ಹುಲ್ಲು ಕೊಚ್ಚಿದ್ರೆ ಕೆಲ್ಸ ಮಾಡ್ದಂಗೆ ಕಾಣತ್ತೆ, ಚರಂಡಿ ಬಿಡಿಸಿದ್ರೆ ಯಾರಿಗೂ ಕಾಣಲ್ಲ.' ಅವತ್ತಿಂದ ನಾನು ಯಾವ ಕೊಟೇಷನ್ ಬಂದ್ರೂ ಮೊದ್ಲು ಹುಡುಕೋದು ಚರಂಡಿ ಅನ್ನೋ ಪದ ಅದರಲ್ಲಿ ಇದ್ಯಾ ಅಂತ. ಹತ್ರಲ್ಲಿ ಎಂಟಕ್ಕೆ ಇರಲ್ಲ.

20-25 ಮನೆಯ ಲೇಔಟ್ ಆದ್ರೆ ಮಾಲಿನೇ ಸಾಕು, ಮುಂದೆ ಓದೋದೂ ಬೇಡ. ರೇನ್‌ಕೋಟು, ಗಮ್ ಬೂಟು, ಒಳ್ಳೆ ಕತ್ತಿ ಕೊಡ್ಸಿ, ವರ್ಷಕ್ಕೆರಡು ಸಲ ಮಷಿನಿನವರನ್ನ ಕರ್ಸಿ, ಮುಗೀತು.

ಮೇಸ್ತ್ರಿ ಗ್ಯಾಂಗು

ಇವರು ಅಡಿಕೆ ತೋಟದ ಕೆಲಸದವರು. ನಾಲ್ಕೈದು ಜನ, ಎರಡು ವೀಡ್ ಕಟರ್, ಬೆಳಿಗ್ಗೆ ಬಂದ್ರೆ ಸಂಜೆಗೆ ಇಡೀ ಲೇಔಟ್ ನುಣ್ಣಗೆ. ದುಡ್ಡಿಗೆ ತಕ್ಕ ಕೆಲಸ ಅಂದ್ರೆ ಇವರದ್ದೇ. ಎರಡು ತೊಂದ್ರೆ. ಒಂದು, ಕೊಯ್ಲು ಶುರುವಾದ್ರೆ ಇವರು ಕೈಗೆ ಸಿಗಲ್ಲ, ಅಡಿಕೆ ರೇಟು ಏರಿದ ವರ್ಷ ಅಂತೂ ಫೋನೂ ಎತ್ತಲ್ಲ, ತಪ್ಪು ಅವರದ್ದಲ್ಲ, ಅಲ್ಲಿಯ ಕೂಲಿಗೂ ನಾವು ಕೊಡೋದಕ್ಕೂ ಹೋಲಿಕೆನೇ ಇಲ್ಲ. ಎರಡನೇದು ನಮಗೆ ಬಹಳ ದುಬಾರಿ ಬಿತ್ತು. ರೋಡ್ ಬದಿ ನೆಟ್ಟಿದ್ದ ಸಂಪಿಗೆ ಸಸಿಗಳು ಎದೆ ಮಟ್ಟ ಬಂದಿದ್ವು, ಗಣಪತಿ ಹಬ್ಬ ಕಳೆದ್ಮೇಲೆ ಒಂದೊಂದೇ ಎಲೆ ಹಳದಿ ಆಗಿ ಒಣಗೋಕೆ ಶುರು. ರೋಗ ಅಂದ್ಕೊಂಡು ಔಷಧಿ ತರ್ಸಿ ಹಾಕಿದ್ವಿ. ಕೊನೆಗೆ ಬಗ್ಗಿ ಹುಲ್ಲು ಸರಿಸಿ ನೋಡಿದ್ರೆ ಬುಡದಲ್ಲಿ ನೆಲದಿಂದ ನಾಲ್ಕು ಬೆರಳು ಮೇಲೆ ಸುತ್ತಲೂ ತೊಗಟೆ ಉಂಗುರದ ತರ ಕಿತ್ತು ಹೋಗಿತ್ತು, ವೀಡ್ ಕಟರ್ ಹಗ್ಗ ಪ್ರತಿ ಸಲ ಬಡಿದು ಬಡಿದು. ತೊಗಟೆ ಸುತ್ತ ಪೂರ್ತಿ ಹೋದ್ರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯಲ್ಲ, ಬೇರು ಸಾಯತ್ತೆ, ಆಮೇಲೆ ಗಿಡ. ಏಳು ಸಸಿ ಹೋದ್ವು. ಈಗ ಪ್ರತಿ ಸಸಿಯ ಬುಡಕ್ಕೆ ಹಳೇ ಪಿವಿಸಿ ಪೈಪನ್ನ ಒಂದು ಅಡಿ ಕತ್ತರಿಸಿ ಉದ್ದಕ್ಕೆ ಸೀಳಿ ತೊಡಿಸಿದೀವಿ, ಮತ್ತೆ ಬುಡದ ಸುತ್ತ ಎರಡಡಿ ಕೈಯಲ್ಲೇ ಕೀಳಬೇಕು ಅಂತ ಕರಾರಲ್ಲೇ ಬರ್ಸಿದೀವಿ. ಇದೊಂದು ಸಾಲು ನೀವೂ ಬರ್ಸಿ, ಯಾರಿಗೆ ಕೆಲಸ ಕೊಟ್ರೂ.

ನರ್ಸರಿಯೋರು

ಇವರ ಹತ್ರ ಮಾತಾಡೋಕೆ ಖುಷಿ. ಗಿಡ ಗೊತ್ತು, ಊರು ಗೊತ್ತು, ಸತ್ತಿದ್ದನ್ನ ಮಾರನೇ ದಿನಾನೇ ಬದಲಾಯಿಸಿ ಕೊಡ್ತಾರೆ. ಆದ್ರೆ ಅವರ ವ್ಯಾಪಾರ ಗಿಡ ಮಾರೋದು ಅನ್ನೋದು ನೆನಪಿರ್ಲಿ, ಹಾಗಾಗಿ ಯಾವ ಸಮಸ್ಯೆ ಹೇಳಿದ್ರೂ ಪರಿಹಾರ ಇನ್ನೊಂದು ಲೋಡ್ ಗಿಡವೇ ಆಗಿರತ್ತೆ. ನೀರು ನಿಲ್ಲತ್ತೆ ಅಂದ್ರೆ ಕಾನಾ ಹಾಕೋಣ ಅಂತಾರೆ, ನೆರಳು ಅಂದ್ರೆ ಫರ್ನ್, ಗೋಡೆ ಕಾಣತ್ತೆ ಅಂದ್ರೆ ಪಾಮ್. ನಮಗೆ ಕೊಟ್ಟ ಪ್ಲಾನಲ್ಲಿ ಡುರಾಂಟ ಒಂದೊಂದು ಅಡಿಗೆ ಒಂದು, ಫಾಕ್ಸ್‌ಟೈಲ್ ಪಾಮ್ ನಾಲ್ಕು ಅಡಿಗೆ ಒಂದು ಇತ್ತು. ಹಸ್ತಾಂತರದ ದಿನ ಫೋಟೋದಲ್ಲಿ ತುಂಬಿ ತುಳುಕಿದಂಗೆ ಕಾಣಬೇಕಲ್ಲ, ಅದಕ್ಕೆ. ಎರಡು ವರ್ಷಕ್ಕೆ ಅರ್ಧ ಕಿತ್ತು ಹಾಕಬೇಕು, ಕೀಳೋದಕ್ಕೂ ಅವರೇ ಬಿಲ್ ಹಾಕ್ತಾರೆ.

ಇವರನ್ನ ಅಳೆಯೋಕೆ ನಾನು ಕೇಳೋ ಪ್ರಶ್ನೆ ಒಂದೇ: ನಮ್ಮ ಪಾರ್ಕಲ್ಲಿ ಯಾವ ಗಿಡ ತೆಗೀಬೇಕು? ಯಾವುದೂ ಬೇಡ ಎಲ್ಲ ಇರ್ಲಿ ಇನ್ನೂ ಹಾಕೋಣ ಅನ್ನೋನು ಬೇಡ. ಒಬ್ರು ಮಾತ್ರ ಗೇಟ್ ಪಕ್ಕದ ಕೋನೋಕಾರ್ಪಸ್ ಬೇಲಿ ತೋರ್ಸಿ 'ಮೇಡಂ, ಇದು ನಾವೇ ಮಾರ್ತಿದ್ವಿ, ಈಗ ಬಿಟ್ಟಿದೀವಿ, ಬೇರು ಪೈಪಿಗೆ ನುಗ್ಗತ್ತೆ' ಅಂದ್ರು. ಗುಜರಾತ್ ಸರ್ಕಾರ 2023ರಲ್ಲಿ ಇದನ್ನ ನೆಡೋದೇ ನಿಷೇಧ ಮಾಡಿದೆ, ನಮ್ಮ ಕಡೆ ಇನ್ನೂ ಬೇಲಿಗೆ ಬೇಗ ಬರತ್ತೆ ಅಂತ ಹಾಕ್ತಾನೇ ಇದಾರೆ. ಆ ಮನುಷ್ಯನಿಗೆ ನಾನು ಅಲ್ಲೇ ಒಂದು ಮಾರ್ಕ್ ಕೊಟ್ಟೆ.

ಮರದ ವಿಷಯದಲ್ಲಿ ನನ್ನ ಸ್ವಂತ ಹಟ ಒಂದಿದೆ, ಹೇಳಿಬಿಡ್ತೀನಿ. ಹೊಳೆದಾಸವಾಳ, ರಂಜೆ, ಸುರಗಿ, ಕಕ್ಕೆ, ಸಂಪಿಗೆ, ನೇರಳೆ ಇಷ್ಟಿದ್ದೂ ನಾವು ಯಾಕೆ ಪಾಮ್ ಹಿಂದೆ ಬೀಳ್ತೀವೋ ಗೊತ್ತಿಲ್ಲ ಮಾರಾಯ್ರೆ. ನೇರಳೆ ಮಾತ್ರ ಕಾರ್ ನಿಲ್ಸೋ ಜಾಗದಲ್ಲಿ ಬೇಡ, ಹಣ್ಣು ಬಿದ್ದು ಬಿಳಿ ಕಾರು ನೀಲಿ ಆಗತ್ತೆ, ಜಗಳ ಗ್ಯಾರಂಟಿ. ಗುಲ್‌ಮೊಹರ್ ಕೂಡ ಬೇಡ, ಬೇರು ಮೇಲ್ಮೇಲೆ, ಕೊಂಬೆ ಬೇಗ ಮುರಿಯತ್ತೆ, ಗಾಳಿಮಳೆಗೆ ಮೊದ್ಲು ಮೆಸ್ಕಾಂ ತಂತಿ ಮೇಲೆ ಬೀಳೋದೇ ಅದು. ಮತ್ತೆ ಅರಣ್ಯ ಇಲಾಖೆ ನರ್ಸರಿಲಿ ಮಳೆಗಾಲದ ಹೊತ್ತಿಗೆ ಕಾಡುಜಾತಿ ಸಸಿ ಬಹಳ ಕಡಿಮೆ ಬೆಲೆಗೆ ಸಿಗತ್ತೆ, ಸಸಿ ನೀವೇ ತಂದು ನೆಡೋದಷ್ಟೇ ಕಾಂಟ್ರಾಕ್ಟರಿಗೆ ಕೊಟ್ರೆ ಕೊಟೇಷನ್ ಎಷ್ಟು ಇಳಿಯತ್ತೆ ಅಂತ ಒಂದ್ಸಲ ಕೇಳಿ ನೋಡಿ, ಯಾರ ಲಾಭ ಎಲ್ಲಿದೆ ಅಂತ ಅಲ್ಲೇ ಗೊತ್ತಾಗತ್ತೆ.

ಕಂಪನಿ

ಯೂನಿಫಾರ್ಮು, ಬೂಟು, ಸೂಪರ್‌ವೈಸರು, ತಿಂಗಳಿಗೊಂದು ಫೋಟೋ ಸಮೇತ ರಿಪೋರ್ಟು. ಕಾಗದ ಪತ್ರ ಇವರದ್ದು ಅಚ್ಚುಕಟ್ಟು, ಕೆಲಸಗಾರರಿಗೆ ಇನ್ಶೂರೆನ್ಸ್ ಇರತ್ತೆ, ಅದು ದೊಡ್ಡ ವಿಷಯ. ನಮಗೆ ಬಂದ ಕಂಪನಿದು ಯಾವ ದಿನ ಯಾವ ಕೆಲಸ ಅನ್ನೋ ಚಾರ್ಟ್ ಬೇರೆ ಊರಲ್ಲಿ ತಯಾರಾಗಿ ಬರ್ತಿತ್ತು. ಆಶ್ಲೇಷ ಮಳೆ ಹಿಡಿದು ಮೂರು ದಿನದಿಂದ ಬಿಟ್ಟಿಲ್ಲ, ಹುಡುಗ ರೇನ್‌ಕೋಟ್ ಹಾಕ್ಕೊಂಡು ಪೈಪಲ್ಲಿ ಲಾನಿಗೆ ನೀರು ಬಿಡ್ತಾ ನಿಂತಿದಾನೆ. ಎಂತಕ್ಕೋ ಅಂದ್ರೆ, 'ಮೇಡಂ ಚಾರ್ಟಲ್ಲಿ ಮಂಗಳವಾರ ನೀರು ಅಂತ ಇದೆ, ಫೋಟೋ ಕಳಿಸ್ಬೇಕು.' ಅದೇ ವಾರ ಯೂರಿಯಾನೂ ಹಾಕಿ ಹೋದ್ರು, ಅದು ಸೀದಾ ಚರಂಡಿ ಮೂಲಕ ತುಂಗೆಗೆ ಹೋಗಿರತ್ತೆ. ಹುಡುಗನ ಮೇಲೆ ಸಿಟ್ಟಿಲ್ಲ, ಅವನಿಗೆ ತಲೆ ಉಪಯೋಗಿಸೋ ಅಧಿಕಾರ ಯಾರೂ ಕೊಟ್ಟಿರ್ಲಿಲ್ಲ. ಸೂಪರ್‌ವೈಸರ್ ಒಂದೇ ವರ್ಷದಲ್ಲಿ ಮೂರು ಸಲ ಬದಲಾದ್ರು. ನೂರಾರು ಫ್ಲಾಟಿನ ಅಪಾರ್ಟ್‌ಮೆಂಟಿಗೆ, ಹೌಸ್‌ಕೀಪಿಂಗ್ ಸೆಕ್ಯುರಿಟಿ ಎಲ್ಲ ಒಬ್ಬರಿಗೇ ಕೊಡೋ ಕಡೆ ಇದು ಸರಿ ಇರಬಹುದು. ನಮ್ಮಂಥ ಲೇಔಟಿಗೆ ಕಂಪನಿ ಬೇಕೇ ಬೇಕು ಅಂತಿದ್ರೆ, ಮಳೆಗಾಲಕ್ಕೆ ಬೇರೆ ಚಾರ್ಟು ಬೇಸಿಗೆಗೆ ಬೇರೆ ಚಾರ್ಟು ಕೇಳಿ. ಹನ್ನೆರಡು ತಿಂಗಳಿಗೂ ಒಂದೇ ಪಟ್ಟಿ ಕೊಟ್ರೆ ಕಾಫಿ ಕೊಟ್ಟು ಕಳ್ಸಿ.

ಕೊಟೇಷನ್ ಪಕ್ಕ ಪಕ್ಕ ಇಟ್ಟು ನೋಡೋದು ಹೆಂಗೆ

ನಾಲ್ಕು ಕೊಟೇಷನ್ ನಾಲ್ಕು ಭಾಷೆಲಿ ಇರತ್ತೆ. ಒಬ್ರು ಚದರಡಿ ಲೆಕ್ಕ, ಒಬ್ರು ತಿಂಗಳಿಗೆ ಇಷ್ಟು, ಇನ್ನೊಬ್ರು 'ಕಂಪ್ಲೀಟ್ ಮೆಂಟೆನೆನ್ಸ್' ಅಂತ ಒಂದೇ ಸಾಲು. ಅದಕ್ಕೆ ನೀವೇ ಒಂದು ಹಾಳೆ ಮಾಡಿ ಎಲ್ಲರಿಗೂ ಅದನ್ನೇ ಕೊಡಿ: ಲಾನ್ ಎಷ್ಟು ಚದರಡಿ, ಬೇಲಿ ಗಿಡ ಎಷ್ಟು ಅಡಿ ಉದ್ದ, ಮರ ಎಷ್ಟು, ಚರಂಡಿ ಎಷ್ಟು ಉದ್ದ, ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೆ ಎಷ್ಟು ಸಲ ಕೊಚ್ಚಬೇಕು, ಕೊಚ್ಚಿದ್ದನ್ನ ಯಾರು ಎಲ್ಲಿಗೆ ಹಾಕೋದು. ಪೆಟ್ರೋಲು ಯಾರದ್ದು ಅನ್ನೋದನ್ನೂ ಬರೀರಿ, ನಗಬೇಡಿ, ನಮ್ಮಲ್ಲಿ ಅದಕ್ಕೇ ಒಂದು ತಿಂಗಳು ಕೆಲಸ ನಿಂತಿತ್ತು.

ಆಮೇಲೆ ಆಳಿನ ಲೆಕ್ಕ ಹಾಕಿ. ವಾರಕ್ಕೆ ಎರಡು ದಿನ ಇಬ್ಬರು ಬರ್ತಾರೆ ಅಂದ್ರೆ ತಿಂಗಳಿಗೆ 16 ಆಳು. ಒಂದು ಆಳಿಗೆ 700 ರೂಪಾಯಿ ಅಂತ ಹಿಡಿದ್ರೂ 11,200 ಆಯ್ತು, ಪೆಟ್ರೋಲು, ಓಡಾಟ, ಅವನ ಲಾಭ ಇನ್ನೂ ಸೇರಿಲ್ಲ. ಅದನ್ನ ಒಬ್ಬ 9,000ಕ್ಕೆ ಮಾಡ್ತೀನಿ ಅಂತಿದಾನೆ ಅಂದ್ರೆ ಅವನು ಪುಣ್ಯಾತ್ಮ ಅಲ್ಲ, ಎರಡು ದಿನದ ಬದ್ಲು ಒಂದು ದಿನ ಬರ್ತಾನೆ ಅಷ್ಟೇ. ನಮ್ಮ ಕಮಿಟಿ ಮೊದಲನೇ ವರ್ಷ ಇಂಥ ಕೊಟೇಷನ್ನಿಗೇ ಚಪ್ಪಾಳೆ ತಟ್ಟಿತ್ತು.

ಟ್ಯಾಕ್ಸ್ ವಿಷಯ ಬೇಗ ಮುಗಿಸ್ತೀನಿ. ಬರೀ ಗಿಡ ಕೊಂಡ್ರೆ ಜಿಎಸ್‌ಟಿ ಇಲ್ಲ, ಕಾಂಟ್ರಾಕ್ಟ್ ಕೆಲಸಕ್ಕೆ 18 ಪರ್ಸೆಂಟ್. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಚಿಕ್ಕವರು ರಿಜಿಸ್ಟರ್ ಮಾಡ್ಸಿರಲ್ಲ, ಹಾಗಾಗಿ ಅವರ ಬಿಲ್ಲಲ್ಲಿ ಅದು ಇರಲ್ಲ, ಹೋಲಿಕೆ ಮಾಡುವಾಗ ಇದನ್ನ ಸೇರ್ಸಿನೇ ನೋಡಿ. ಒಂದು ಬಿಲ್ 30,000 ದಾಟಿದ್ರೆ ಅಥವಾ ವರ್ಷದ್ದು ಒಟ್ಟು ಒಂದು ಲಕ್ಷ ದಾಟಿದ್ರೆ ಸಂಘದವರು ಟಿಡಿಎಸ್ (ದುಡ್ಡು ಕೊಡುವಾಗ್ಲೇ ಮುರ್ಕೊಳ್ಳೋ ತೆರಿಗೆ) ಹಿಡೀಬೇಕು, ಒಬ್ಬ ವ್ಯಕ್ತಿಗಾದ್ರೆ 1, ಕಂಪನಿಗಾದ್ರೆ 2 ಪರ್ಸೆಂಟ್. ಇದನ್ನ ಮೊದ್ಲೇ ಹೇಳಿ, ಕೊನೆಗೆ ಹಿಡಿದ್ರೆ ದುಡ್ಡು ನುಂಗಿದ್ರು ಅಂತಾರೆ.

ಗ್ಯಾರಂಟಿಯಲ್ಲೇ ಇರೋದು ಮಸಲತ್ತು

ಎಲ್ಲರೂ ಹೇಳೋದು 'ಮೂರು ತಿಂಗಳು ಗ್ಯಾರಂಟಿ, ಸತ್ರೆ ಬೇರೆ ಗಿಡ'. ಜೂನಲ್ಲಿ ನೆಡ್ತಾರೆ, ಸೆಪ್ಟೆಂಬರಿಗೆ ಗ್ಯಾರಂಟಿ ಮುಗೀತು. ಆ ಮೂರು ತಿಂಗಳು ಗಿಡನ್ನ ಸಾಯ್ಸೋದೇ ಕಷ್ಟ ನಮ್ಮೂರಲ್ಲಿ! ಅದು ಸಾಯೋದು ಮುಂದಿನ ಮಾರ್ಚಲ್ಲಿ, ಯಾಕಂದ್ರೆ ಗುಂಡಿ ಒಂದಡಿ ತೋಡಿರ್ತಾರೆ, ಲೇಔಟ್ ಮಾಡುವಾಗ ಜೆಸಿಬಿ ರೋಲರ್ ಓಡಾಡಿ ನೆಲ ಜಂಬಿಟ್ಟಿಗೆ ಕಲ್ಲಾಗಿರತ್ತೆ, ಬೇರು ಕೆಳಗೆ ಇಳಿಯೋಕೆ ಜಾಗ ಇಲ್ಲ. ಅದಕ್ಕೆ ಗ್ಯಾರಂಟಿ ಮುಂದಿನ ಮಳೆಗಾಲ ಶುರುವಾಗೋ ತನಕ ಕೇಳಿ, ಮರದ ಸಸಿಗೆ ಗುಂಡಿ ಎರಡಡಿ ಉದ್ದ ಎರಡಡಿ ಅಗಲ ಎರಡಡಿ ಆಳ ಅಂತ ಬರ್ಸಿ, ಮುಚ್ಚೋಕೆ ಮುಂಚೆ ಟೇಪ್ ಹಿಡ್ಕೊಂಡು ಹೋಗಿ ನೋಡಿ. ಬಿಲ್ಲಲ್ಲಿ ಹತ್ತು ಪರ್ಸೆಂಟ್ ಆ ಬೇಸಿಗೆ ಮುಗಿಯೋ ತನಕ ಹಿಡ್ಕೊಳ್ಳಿ. ಒಪ್ಪದೆ ಎದ್ದು ಹೋದವರು ಹೋಗ್ಲಿ. ನಮ್ಮಲ್ಲಿ ಐದರಲ್ಲಿ ಮೂವರು ಎದ್ದು ಹೋದ್ರು.

ಮಣ್ಣಿನ ಕಥೆ ಹೇಳದೆ ಇದ್ರೆ ನಂಗೆ ಸಮಾಧಾನ ಇಲ್ಲ. ಲಾನಿಗೆ ಅಂತ ಒಬ್ಬ ಕಾಂಟ್ರಾಕ್ಟರ್ ಆರು ಲೋಡ್ ಮಣ್ಣು ತಂದು ಸುರಿದ, ನೋಡೋಕೆ ಫಸ್ಟ್ ಕ್ಲಾಸ್ ಕಪ್ಪು ಮಣ್ಣು, ಎಲ್ಲಿದು ಅಂದ್ರೆ ಕೆರೆ ಮಣ್ಣು ಮೇಡಂ ಅಂದ. ಮೆಕ್ಸಿಕನ್ ಹುಲ್ಲು ಹಾಸಿ ಮೂರು ವಾರ ಚಂದ ಇತ್ತು, ಆಮೇಲೆ ಹಾಸಿದ್ದ ಹುಲ್ಲನ್ನ ಚುಚ್ಚಿಕೊಂಡು ಸೂಜಿ ತರ ಎದ್ದು ಬಂತು ಜೇಕು. ಕಿತ್ತಷ್ಟೂ ಬರತ್ತೆ, ಯಾಕಂದ್ರೆ ಮೇಲಿನ ಹುಲ್ಲು ಕೈಗೆ ಬರತ್ತೆ, ಗಡ್ಡೆ ಒಳಗೇ ಉಳಿಯತ್ತೆ. ನಮ್ಮ ಮಾಲಿ ಮಣ್ಣು ಬಂದ ದಿನವೇ ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿ, ಕಡಲೆ ಗಾತ್ರದ ಕರೀ ಗಡ್ಡೆ ತೋರ್ಸಿದ್ರಂತೆ, ಯಾರೂ ಕೇಳಿಸ್ಕೊಂಡಿಲ್ಲ. ಈಗ ಮಣ್ಣು ಬಂದ್ರೆ ಮೊದ್ಲು ಲಾರಿ ಮೇಲೆ ಅವರು ಹತ್ತಬೇಕು, ಅವರು ಹೂಂ ಅಂದ್ಮೇಲೆ ಅನ್‌ಲೋಡ್. ಮಣ್ಣಿನ ಗುಣ ನೋಡ್ಬೇಕಂದ್ರೆ ನವಿಲೆಯ ಕೃಷಿ ಕಾಲೇಜು ಇಲ್ಲೇ ಇದೆ, ಪರೀಕ್ಷೆ ಮಾಡಿಸ್ಕೊಳ್ಳಿ, ನಮ್ಮ ಕಡೆ ಮಳೆಗೆ ತೊಳೆದು ತೊಳೆದು ಮಣ್ಣು ಹುಳಿ, ಸುಣ್ಣ ಎಷ್ಟು ಹಾಕ್ಬೇಕು ಅಂತ ಅಲ್ಲೇ ಹೇಳ್ತಾರೆ.

ಇನ್ನು ಲಾನ್ ಬೇಕಾ ಅನ್ನೋದು. 4,000 ಚದರಡಿ ಲಾನಿಗೆ ಬೇಸಿಗೆಲಿ ವಾರಕ್ಕೆ ಒಂದಿಂಚು ನೀರು ಅಂದ್ರೆ ಹತ್ರ ಹತ್ರ 9,400 ಲೀಟರ್. ಎರಡು ಟ್ಯಾಂಕರ್, ವಾರಕ್ಕೆ! ಬೋರ್ ಕೆಳಗೆ ಹೋದ ವರ್ಷ ಮನೆಗೆ ನೀರು ಬಿಡ್ಬೇಕಾ ಹುಲ್ಲಿಗೆ ಬಿಡ್ಬೇಕಾ ಅಂತ ಮೀಟಿಂಗ್ ಕರೆಯೋ ಪರಿಸ್ಥಿತಿ ಬರತ್ತೆ. ಲಾನ್ ಚಿಕ್ಕದು ಮಾಡಿ ಉಳಿದ ಕಡೆ ಮರ ಹಾಕಿ ಅಂತ ತಾನಾಗೇ ಹೇಳೋ ಕಾಂಟ್ರಾಕ್ಟರ್ ಸಿಕ್ರೆ ಬಿಡಬೇಡಿ. ಲಾನ್ ಹಾಕಿದ್ರೂ ನೂರು ಅಡಿಗೆ ಒಂದರಿಂದ ಎರಡು ಅಡಿ ಇಳಿಜಾರು ಕೊಟ್ಟು ನೀರು ಎಲ್ಲಿಗೆ ಹೋಗತ್ತೆ ಅಂತ ಕೈ ಮಾಡಿ ತೋರ್ಸೋಕೆ ಹೇಳಿ. ಮರದ ನೆರಳಿನ ಕಡೆ ಮೆಕ್ಸಿಕನ್ ಹುಲ್ಲು ಬರಲ್ಲ, ಬರತ್ತೆ ಅನ್ನೋನು ಸುಳ್ಳು ಹೇಳ್ತಿದಾನೆ.

ಸಹಿ ಹಾಕೋ ಮುಂಚೆ

ಪಾರ್ಕ್ ಜಾಗ ನಿಮ್ಮ ಸಂಘದ್ದಾ ನೋಡ್ಕೊಳ್ಳಿ. ಲೇಔಟ್ ಅಪ್ರೂವಲ್ ಆಗುವಾಗ ಪಾರ್ಕನ್ನ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟು ಕೊಟ್ಟಿರ್ತಾರೆ, ಹಾಗಿದ್ರೆ ಬರವಣಿಗೆಯಲ್ಲಿ ಅನುಮತಿ ತಗೊಂಡೇ ದುಡ್ಡು ಹಾಕಿ. ಮರ ಕಡಿಯೋದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ತೆಂಗು, ನೀಲಗಿರಿ, ಸಿಲ್ವರ್ ಓಕ್ ತರದ ಕೆಲವಕ್ಕೆ ಬಿಟ್ರೆ ಅರಣ್ಯ ಇಲಾಖೆ ಅನುಮತಿ ಬೇಕು, 'ಅದೆಲ್ಲ ನಾವು ನೋಡ್ಕೋತೀವಿ' ಅನ್ನೋ ಕಾಂಟ್ರಾಕ್ಟರ್ ಹತ್ರ ಕಾಗದ ಕೈಗೆ ಕೊಡೋ ತನಕ ಗರಗಸ ಮುಟ್ಟಿಸ್ಬೇಡಿ. ಮರ ಹತ್ತೋರಿಗೆ ಇನ್ಶೂರೆನ್ಸ್ ಕಾಪಿ ಕೇಳಿ.

ಕಳೆನಾಶಕದ ಬಗ್ಗೆ ಸ್ಪಷ್ಟವಾಗಿ ಬೇಡ ಅಂತ ಬರ್ಸಿ. ಗ್ಲೈಫೋಸೇಟ್ ಬಳಕೆಗೆ ಕೇಂದ್ರ ಸರ್ಕಾರ 2022ರಲ್ಲೇ ಕಡಿವಾಣ ಹಾಕಿದೆ, ಪೆಸ್ಟ್ ಕಂಟ್ರೋಲ್ ಆಪರೇಟರ್ ಮೂಲಕ ಮಾತ್ರ ಅಂತ. ಪ್ಯಾರಾಕ್ವಾಟ್ ಅಂತೂ ಒಂದು ಗುಟುಕು ಹೊಟ್ಟೆಗೆ ಹೋದ್ರೆ ಅದಕ್ಕೆ ಮದ್ದೇ ಇಲ್ಲ, ಮಕ್ಕಳು ಆಡೋ ಜಾಗಕ್ಕೆ ಆ ಡಬ್ಬ ಬರೋದೇ ಬೇಡ. ದರಗು, ಅಂದ್ರೆ ಉದುರಿದ ಒಣ ಎಲೆ, ಸುಡೋ ಹಾಗಿಲ್ಲ, ಮೂಲೆಲಿ ಗುಂಡಿ ಮಾಡಿ ಗೊಬ್ಬರ ಮಾಡೋದನ್ನ ಕೆಲಸದ ಪಟ್ಟಿಲೇ ಸೇರ್ಸಿ. ಬುಡಕ್ಕೆ ಮುಚ್ಚೋಕೆ ಅಂತ ಕಾಡಿನ ದರಗು ತರ್ತೀವಿ ಅಂತಾರೆ ಕೆಲವರು, ಅದೂ ಬೇಡ. ಮಂಗನ ಕಾಯಿಲೆ ಮೊದ್ಲು ಪತ್ತೆ ಆಗಿದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಲ್ಲಿ, 1957ರಲ್ಲಿ, ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ, ಅದನ್ನ ಹರಡೋ ಉಣುಗು ಇರೋದೇ ಆ ದರಗಲ್ಲಿ. ನಮ್ಮ ಪಾರ್ಕಿನ ಎಲೆಯೇ ನಮಗೆ ಬೇಕಾದಷ್ಟಿದೆ. ಕುಂಡದ ಕೆಳಗಿನ ತಟ್ಟೆ, ಚಂದಕ್ಕೆ ಅಂತ ಮಾಡೋ ನೀರಿನ ಕೊಳ, ಇದನ್ನೆಲ್ಲ ಪ್ಲಾನಲ್ಲಿ ಕಂಡ ಕೂಡ್ಲೆ ಹೊಡೆದು ಹಾಕಿ, ಡೆಂಗಿ ಸೊಳ್ಳೆಗೆ ಒಂದು ವಾರ ನಿಂತ ನೀರು ಸಾಕು.

ನಾವು ಕೊನೆಗೆ ಮಾಡಿದ್ದು ಬೆರಕೆ. ಮಾಲಿನ ಉಳಿಸ್ಕೊಂಡು ಸಂಬಳ ಏರ್ಸಿದ್ವಿ, ಕೋನೋಕಾರ್ಪಸ್ ತೆಗೀರಿ ಅಂದ ನರ್ಸರಿಯೋರಿಗೆ ತಿಂಗಳಿಗೆ ಎರಡು ಸಲ ಬರೋ ಕರಾರು, ಜುಲೈ ಆಗಸ್ಟಲ್ಲಿ ನಾಲ್ಕು ಸಲ, ಕೊಚ್ಚೋಕೆ ಮಷಿನ್ ಜನ ಅವರೇ ತರಬೇಕು, ಆದ್ರೆ ಏನು ಮಾಡಬೇಕು ಅಂತ ಆವತ್ತು ಬೆಳಿಗ್ಗೆ ಹೇಳೋದು ನಮ್ಮ ಮಾಲಿ. ಕಂಪನಿಗೆ ಕೊಡ್ತಿದ್ದಕ್ಕಿಂತ ಸ್ವಲ್ಪ ಕಡಿಮೆನೇ ಆಗ್ತಿದೆ, ಬಹಳ ಅಲ್ಲ. ಕೊಚ್ಚಿದ ಹುಲ್ಲನ್ನ ಹಿಂದಿನ ರಸ್ತೆಲಿ ಹಸು ಸಾಕಿರೋ ಹಾಲಿನೋರು ಬಂದು ಹೊರೆ ಕಟ್ಕೊಂಡು ಹೋಗ್ತಾರೆ, ಸಾಗಿಸೋ ಖರ್ಚು ಅಷ್ಟು ಉಳೀತು. ಅವರೂ ಪ್ರತಿ ಸಲ ಗೇಟಲ್ಲೇ ನಿಂತು ಕೇಳ್ತಾರೆ, 'ಔಷಧಿ ಎಂತ ಹೊಡೆದಿಲ್ಲ ಅಲ್ವಾ ಅಮ್ಮ?'